ಕಚೇರಿಯ ಚೀಲ

ಕಚೇರಿ ಏಳು ಗಂಟೆಗೆ ಎಂದು ಹಸ್ತಪತ್ರಿಕೆಯಲ್ಲಿ ಅಚ್ಚಾಗಿರುತ್ತದೆ. ಏಳಕ್ಕೆ ವಿದ್ವಾಂಸರೂ ಕುಳಿತಿರುತ್ತಾರೆ, ಸಭಿಕರೂ ಕುಳಿತಿರುತ್ತಾರೆ. ಸಂಗೀತ ಮಾತ್ರ ಇನ್ನೂ ಬಂದಿರುವುದಿಲ್ಲ. ಶ್ರುತಿಪೆಟ್ಟಿಗೆಯ ವೈರು ಪ್ಲಗ್ಗಿನ ತನಕ ಮುಟ್ಟುತ್ತಿಲ್ಲ. ಭಾಷಣಕ್ಕೆಂದು ತಂದ ಎತ್ತರದ ಮೈಕು ಕುಳಿತ ಗಾಯಕರ ಬಾಯಿಯ ಮಟ್ಟಕ್ಕೆ ಬಗ್ಗುತ್ತಿಲ್ಲ. ಮೃದಂಗದವರು ಒಂದು ಹಿಡಿ ರವೆಗಾಗಿ ಪ್ರಸಾದದ ಅಡಿಗೆಯವರ ಬಳಿಗೆ ಹುಡುಗನನ್ನು ಅಟ್ಟಿದ್ದಾರೆ. ಧ್ವನಿವರ್ಧಕ ಒಮ್ಮೆ ಗುಂಯ್‌ಗುಡುತ್ತದೆ, ಇನ್ನೊಮ್ಮೆ ಊಳಿಡುತ್ತದೆ. ವರ್ಣ ಮೊದಲಾಗುವಾಗ ಏಳೂವರೆ. ರಾಮನವಮಿಯ ಚಪ್ಪರವಾಗಲಿ, ಗಣೇಶೋತ್ಸವದ ಪೆಂಡಾಲಾಗಲಿ, ಊರದೇವರ ಜಾತ್ರೆಯ ವೇದಿಕೆಯಾಗಲಿ, ಇಂಥ ಅರ್ಧ ಗಂಟೆಯನ್ನು ನೀವು ಕಂಡೇ ಇರುತ್ತೀರಿ.

ಆ ಅರ್ಧ ಗಂಟೆ ಎಲ್ಲಿಂದ ಕಡಿತವಾಗುತ್ತದೆ ಎಂದು ಯೋಚಿಸಿದ್ದೀರಾ? ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಬಂದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಹರಿದಿನಗಳಿಗಾಗಿ ವರ್ಷದಲ್ಲಿ 15 ದಿನಕ್ಕೆ ಮೀರದಂತೆ ನಡುರಾತ್ರಿಯವರೆಗೆ ಸಡಿಲಿಕೆ ಕೊಡುವ ಅಧಿಕಾರ ರಾಜ್ಯಸರ್ಕಾರಕ್ಕುಂಟು. ಎಲ್ಲ ಕಚೇರಿಗಳಿಗೂ ಅದು ಒದಗುವುದಿಲ್ಲ. ಹತ್ತಕ್ಕೆ ಮಂಗಳ ಆಗಲೇಬೇಕು. ಆದ್ದರಿಂದ ಪ್ರಧಾನ ರಾಗದ ಆಲಾಪನೆ ಮೊಟಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ ತನಿಯಾವರ್ತನ ಮೊಟಕಾಗುತ್ತದೆ. ಇಡೀ ಸಂಜೆ ಇನ್ನೊಬ್ಬರ ಹಾಡಿಗೆ ಹೆಗಲು ಕೊಟ್ಟ ಮೃದಂಗದವರಿಗೆ ತಮ್ಮದೆಂದು ಸಿಗುವ ಕಾಲ ಅದೊಂದೇ. ಅದನ್ನು ಐದು ನಿಮಿಷದಲ್ಲಿ ಮುಗಿಸಿ ಎಂದು ಸನ್ನೆ ಮಾಡುವುದು ನ್ಯಾಯವಲ್ಲ.

ಈ ತೊಂದರೆಗೆ ವಿದ್ಯೆಯ ಕೊರತೆ ಕಾರಣವಲ್ಲ, ಹಣದ ಕೊರತೆಯೂ ಅಷ್ಟಾಗಿ ಅಲ್ಲ. ಕೈಗೆ ಬೇಕಾದಾಗ ಸಿಗದ ಸಣ್ಣ ಸಾಮಾನುಗಳೇ ಕಾರಣ. ಬೆಂಗಳೂರಿನ ಶ್ರೀ ರಾಮಸೇವಾ ಮಂಡಲಿಯಂತೆ 1939ರಿಂದ ಚಪ್ಪರದ ಕಚೇರಿಗಳನ್ನು ನಡೆಸಿಕೊಂಡು ಬಂದ ಸಂಸ್ಥೆಗಳಲ್ಲಿ ಇವನ್ನೆಲ್ಲ ನೋಡಿಕೊಳ್ಳುವ ಅನುಭವಸ್ಥರಿರುತ್ತಾರೆ. ಚಿಕ್ಕ ಊರಿನಲ್ಲಿ ಹಾಗಲ್ಲ. ನಿನ್ನೆ ಮದುವೆಯ ಮೆರವಣಿಗೆಗೆ ಪೆಟ್ಟಿಗೆ ಕಟ್ಟಿದವರೇ ಇಂದು ನಿಮ್ಮ ತೋಡಿರಾಗಕ್ಕೂ ಪೆಟ್ಟಿಗೆ ಕಟ್ಟುತ್ತಾರೆ. ಅಲ್ಲಿಗೆ ಹಾಡಲು, ನುಡಿಸಲು ಹೋಗುವ ತರುಣ ಕಲಾವಿದರು ತಮ್ಮ ಕೈಚೀಲದಲ್ಲಿ ಏನೇನು ಇಟ್ಟುಕೊಂಡಿರಬೇಕು, ಏಕೆ ಇಟ್ಟುಕೊಂಡಿರಬೇಕು ಎಂಬುದು ಈ ಲೇಖನದ ವಿಷಯ. ಸಂಘಟಕರೂ ಓದಬಹುದು, ತಪ್ಪಿಲ್ಲ.

ಎಲ್ಲಕ್ಕೂ ಮುಂಚೆ ಒಂದು ಮಾತು ತಿಳಿದಿರಬೇಕು. ವೇದಿಕೆಯ ಮೇಲೆ ಕುಳಿತವರಿಗೆ ತಮ್ಮ ದನಿ ತಮಗೆ ಕೇಳಬೇಕು. ಇದು ಹೇಳಬೇಕಾದ ಮಾತೇ ಎನ್ನಿಸೀತು. ಆದರೆ ಕಚೇರಿ ಕೆಡುವುದು ಬಹುಮಟ್ಟಿಗೆ ಇದರಿಂದಲೇ.

ಮೈಕು ಬರುವುದಕ್ಕೆ ಮುಂಚೆ ಗಾಯಕರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಕೊನೆಯ ಸಾಲಿನವರಿಗೂ ಕೇಳಬೇಕಾದರೆ ಬೇರೆ ದಾರಿ ಇರಲಿಲ್ಲ. ನಮ್ಮ ಮೈಸೂರು ಸೀಮೆಯ ತಿರುಮಕೂಡಲು ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಯ ಪಿಟೀಲಿನ ಬದಲು ಏಳು ತಂತಿಯದನ್ನು ಹಿಡಿದದ್ದು ನಾದ ದೂರಕ್ಕೆ ಮುಟ್ಟಲೆಂದೇ. ಮೈಕು ಬಂದ ಮೇಲೆ ಶ್ರುತಿ ಇಳಿಯಿತು, ಮೆಲುದನಿಗೂ ಬೆಲೆ ಬಂತು, ಮಂದ್ರಸ್ಥಾಯಿಯ ಸಂಚಾರ ಹಿಂದಿನ ಸಾಲಿಗೂ ಕೇಳಿತು. ಇದು ಲಾಭ. ನಷ್ಟವೆಂದರೆ, ಹಾಡಿದ ದನಿ ಎದುರಿನ ಪೆಟ್ಟಿಗೆಗಳಿಂದ ಸಭೆಯ ಕಡೆಗೆ ಹೋಗಿಬಿಡುತ್ತದೆ. ವೇದಿಕೆಯ ಮೇಲೆ ಉಳಿಯುವುದು ಬರಿಯ ಗುಂಗಿನಂಥ ಶಬ್ದ.

ಇಷ್ಟೇ ಆದರೆ ಸಹಿಸಬಹುದಿತ್ತು. ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ವೇದಿಕೆಯಿಂದ 17 ಮೀಟರ್ ದೂರದಲ್ಲಿ ಒಂದು ಗೋಡೆಯಿದೆ ಎನ್ನಿ. ನಿಮ್ಮ ದನಿ ಅಲ್ಲಿಗೆ ಹೋಗಿ ತಿರುಗಿ ಬರಲು ಒಂದು ಸೆಕೆಂಡಿನ ಹತ್ತನೆಯ ಒಂದು ಪಾಲು ಹಿಡಿಯುತ್ತದೆ. ಅರ್ಧ ಸೆಕೆಂಡಿಗೆ ಒಂದು ಅಕ್ಷರದಂತೆ ತಾಳ ಹಾಕಿಕೊಂಡು, ಅಕ್ಷರಕ್ಕೆ ನಾಲ್ಕರಂತೆ ಸ್ವರ ಹಾಡುತ್ತಿದ್ದೀರಿ ಎಂದಾದರೆ, ಆ ತಡ ಹೆಚ್ಚುಕಡಮೆ ಒಂದು ಸ್ವರದಷ್ಟು. ಅಂದರೆ ನೀವು ‘ಗ’ ಹಾಡುವಾಗ ನಿಮ್ಮ ಕಿವಿಗೆ ಬೀಳುವುದು ಹಿಂದಿನ ‘ರಿ’. ಗೋಡೆ ಇನ್ನೂ ದೂರವಿದ್ದರೆ ಇನ್ನೂ ಹಿಂದಿನದು. ಆಗ ಲಯ ಹಿಂದಕ್ಕೆ ಜಗ್ಗುತ್ತದೆ. ಗಾಯಕರು ಮೃದಂಗದವರನ್ನು ನೋಡುತ್ತಾರೆ, ಮೃದಂಗದವರು ಗಾಯಕರನ್ನು ನೋಡುತ್ತಾರೆ. ಇಬ್ಬರದೂ ತಪ್ಪಿಲ್ಲ. ತಮ್ಮ ದನಿ ಕೇಳದ ಗಾಯಕರು ತಿಳಿಯದೆಯೇ ದನಿ ಏರಿಸುತ್ತಾರೆ, ಗಂಟಲು ಬಿಗಿಯುತ್ತದೆ, ಶ್ರುತಿ ಮೇಲಕ್ಕೋ ಕೆಳಕ್ಕೋ ಸರಿಯುತ್ತದೆ. ಹೀಗೆ ನಾಲ್ಕಾರು ಹಬ್ಬಗಳ ಋತು ಕಳೆದರೆ ಶಾರೀರವೇ ಒಡೆಯುವ ಭಯವುಂಟು.

ಇದಕ್ಕೆ ಪರಿಹಾರ ವೇದಿಕೆಯ ಕಡೆಗೆ ಮುಖ ಮಾಡಿದ ಒಂದು ಪುಟ್ಟ ಧ್ವನಿಪೆಟ್ಟಿಗೆ. ಮೈಕಿನವರು ಅದನ್ನು ಮಾನಿಟರ್ ಎನ್ನುತ್ತಾರೆ. ಕಚೇರಿ ಒಪ್ಪಿಕೊಳ್ಳುವಾಗಲೇ, ಸಂಭಾವನೆಯ ಮಾತು ಮುಗಿದ ಕೂಡಲೇ, ‘ಮಾನಿಟರ್ ಎಷ್ಟಿವೆ?’ ಎಂದು ಕೇಳಿಬಿಡಿ. ಗಾಯಕರಿಗೊಂದು, ಪಕ್ಕವಾದ್ಯದವರಿಗೊಂದು ಇದ್ದರೆ ಸಾಕು. ಇಲ್ಲವೆಂದರೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಧ್ವನಿಪೆಟ್ಟಿಗೆಯೊಂದನ್ನು ನೀವೇ ಒಯ್ಯುವುದು ಲೇಸು. ಆದರೆ ಅದನ್ನು ವೈರಿನಿಂದಲೇ ಜೋಡಿಸಬೇಕು. ಬ್ಲೂಟೂತ್ ಎಂಬ ನಿಸ್ತಂತು ಜೋಡಣೆ ಶಬ್ದವನ್ನು ತಡಮಾಡಿ ಕೊಡುವುದರಿಂದ ಮೇಲೆ ಹೇಳಿದ ರೋಗವೇ ಮತ್ತೆ ಹತ್ತಿಕೊಳ್ಳುತ್ತದೆ.

ಮಾನಿಟರಿನಲ್ಲಿ ಏನು ಬರಬೇಕು? ನಿಮ್ಮ ದನಿ, ತಂಬೂರಿ, ಸ್ವಲ್ಪ ಪಿಟೀಲು. ಮೃದಂಗ ಬೇಕಿಲ್ಲ; ಅದು ನಿಮ್ಮ ಬಲಮಗ್ಗುಲಲ್ಲೇ ಇದೆ. ಇಲ್ಲೊಂದು ಕೆಟ್ಟ ಚಾಳಿ ಬೆಳೆದಿದೆ. ಗಾಯಕರು ‘ನನ್ನದು ಹೆಚ್ಚಿಸಿ’ ಎನ್ನುತ್ತಾರೆ, ಅದು ಹೆಚ್ಚಿದಾಗ ಪಿಟೀಲಿನವರಿಗೆ ತಮ್ಮದು ಕೇಳುವುದಿಲ್ಲ, ಅವರೂ ಬೆರಳು ಮೇಲಕ್ಕೆತ್ತುತ್ತಾರೆ, ಆಮೇಲೆ ಘಟದವರು. ಮೂರನೆಯ ಕೀರ್ತನೆಯ ಹೊತ್ತಿಗೆ ವೇದಿಕೆಯೇ ಸಂತೆ. ಹೆಚ್ಚಿಸಿ ಎನ್ನುವ ಮೊದಲು ಯಾವುದನ್ನು ತಗ್ಗಿಸಿದರೆ ಕೇಳಿಸೀತು ಎಂದು ನೋಡಬೇಕು. ಕಿವಿಯ ಆರೋಗ್ಯದ ದೃಷ್ಟಿಯಿಂದಲೂ ಇದು ಮುಖ್ಯ. 85 ಡೆಸಿಬೆಲ್ ಶಬ್ದದಲ್ಲಿ ದಿನಕ್ಕೆ ಎಂಟು ಗಂಟೆ ಇರಬಹುದು ಎನ್ನುವ ಅಳತೆಯಲ್ಲಿ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಕಾಲ ಅರ್ಧವಾಗುತ್ತದೆ. 100 ಡೆಸಿಬೆಲ್ ತಲುಪಿದಾಗ ಉಳಿಯುವುದು ಹದಿನೈದೇ ನಿಮಿಷ. ಹೋದ ಕಿವಿ ಮರಳಿ ಬರುವಂಥದಲ್ಲ.

ಇನ್ನು ಮೈಕಿನ ಮಾತು. ವೇದಿಕೆಯ ಹಾಡಿಗೆ ಬಳಸುವ ಸಾಮಾನ್ಯ ಮೈಕಿಗೆ ಎಲ್ಲ ದಿಕ್ಕಿನಲ್ಲೂ ಒಂದೇ ಸಮ ಕೇಳುವುದಿಲ್ಲ. ಅದರ ಶ್ರವಣದ ಆಕಾರವನ್ನು ಚಿತ್ರಿಸಿದರೆ ವೀಳ್ಯದೆಲೆಯಂತಿರುತ್ತದೆ: ಮುಂದೆ ಚೆನ್ನಾಗಿ, ಪಕ್ಕಗಳಲ್ಲಿ ಅಷ್ಟಕ್ಕಷ್ಟೆ, ನೇರ ಹಿಂದೆ ಬಹುತೇಕ ಕಿವುಡು. ಈ ಕಿವುಡುತನವೇ ನಮ್ಮ ಭಾಗ್ಯ. ಮಾನಿಟರನ್ನು ಮೈಕಿನ ಬೆನ್ನ ಹಿಂದೆ, ಅಂದರೆ ಗಾಯಕರ ಎದುರಿಗೆ ಇಟ್ಟರೆ, ಅದರ ಶಬ್ದ ಮತ್ತೆ ಮೈಕಿಗೆ ಹೊಕ್ಕು ಸುತ್ತು ಸುತ್ತಿ ಊಳಿಡುವುದು ತಪ್ಪುತ್ತದೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ ಹಿಂದಿನ ಕಿಂಡಿಗಳು ಮುಚ್ಚಿ ಆ ಗುಣವೇ ಹೋಗಿಬಿಡುತ್ತದೆ. ಭಾವಗೀತೆ ಹಾಡುವವರಲ್ಲಿ ಹೀಗೆ ಹಿಡಿಯುವ ಅಭ್ಯಾಸ ಹೆಚ್ಚು. ಮೈಕಿಗೆ ಉಫ್ ಎಂದು ಊದುವುದು, ತಲೆಯ ಮೇಲೆ ಮೊಟಕುವುದು ಇವೂ ಬೇಡ. ಪರೀಕ್ಷೆಗೆ ಎರಡು ಸಾಲು ಹಾಡಿದರಾಯಿತು, ಅದೂ ಒಂದು ಕೆಳಸ್ಥಾಯಿಯಲ್ಲಿ, ಒಂದು ತಾರಸ್ಥಾಯಿಯಲ್ಲಿ.

ಬಾಯಿಗೂ ಮೈಕಿಗೂ ಅರ್ಧ ಗೇಣು ಅಂತರವಿರಲಿ. ದೂರ ಇಮ್ಮಡಿಯಾದರೆ ಮೈಕಿಗೆ ಮುಟ್ಟುವ ಶಬ್ದಶಕ್ತಿ ಕಾಲುಪಾಲಿಗೆ ಇಳಿಯುತ್ತದೆ. ತಲೆದೂಗುತ್ತ ಹಾಡುವವರ ದನಿ ಸಭೆಗೆ ಅಲೆಅಲೆಯಾಗಿ ಕೇಳುವುದು ಇದರಿಂದ. ತೀರ ಹತ್ತಿರ ಬಂದರೆ ಕೆಳದನಿ ಉಬ್ಬಿ ಸಾಹಿತ್ಯ ಮಸುಕಾಗುತ್ತದೆ. ಪಕ್ಕಪಕ್ಕದ ಎರಡು ಮೈಕುಗಳಿಗೆ ಒಂದು ಲೆಕ್ಕವಿದೆ: ಪಿಟೀಲಿನಿಂದ ಅದರ ಮೈಕು ಒಂದು ಅಡಿ ದೂರವಿದ್ದರೆ, ಮುಂದಿನ ಮೈಕು ಅಲ್ಲಿಂದ ಮೂರು ಅಡಿಯಾದರೂ ಇರಬೇಕು. ಇಲ್ಲವಾದರೆ ಒಂದೇ ನಾದ ಎರಡು ಮೈಕಿಗೂ ಹೊಕ್ಕು ಟೊಳ್ಳಾಗಿ ಕೇಳುತ್ತದೆ.

ಗಾಯಕರು ತಮ್ಮದೇ ಒಂದು ಮೈಕು ಇಟ್ಟುಕೊಳ್ಳುವುದು ದುಂದಲ್ಲ. ಶೂರ್ ಕಂಪನಿಯ ಎಸ್‌ಎಂ 58 ಎಂಬ ಮಾದರಿ 1966ರಲ್ಲಿ ಬಂದದ್ದು ಇಂದಿಗೂ ಲೋಕದ ವೇದಿಕೆಗಳಲ್ಲಿ ನಡೆಯುತ್ತಿದೆ. ಆ ಬಗೆಯ ಗಟ್ಟಿಮುಟ್ಟಾದ ಯಾವುದಾದರೂ ಆದೀತು. ಇವನ್ನು ಡೈನಾಮಿಕ್ ಮೈಕು ಎನ್ನುತ್ತಾರೆ, ಹೊರಗಿನ ವಿದ್ಯುತ್ತು ಬೇಕಿಲ್ಲ. ಕಂಡೆನ್ಸರ್ ಎಂಬ ಸೂಕ್ಷ್ಮ ಜಾತಿಗೆ ಬಹುಮಟ್ಟಿಗೆ 48 ವೋಲ್ಟಿನ ಪೂರೈಕೆ ಬೇಕು. ಚಪ್ಪರದ ಮಿಕ್ಸರಿನಲ್ಲಿ ಅದು ಇದ್ದೇ ಇರುತ್ತದೆಂದು ನಂಬುವಂತಿಲ್ಲ. ಮೈಕಿಗಿಂತಲೂ ಮೊದಲು ಕೊಳ್ಳಬೇಕಾದದ್ದು ನೆಲದ ಮೇಲೆ ಕುಳಿತವರಿಗೆ ಹೊಂದುವ ಗಿಡ್ಡ ಸ್ಟ್ಯಾಂಡು. ಬಾಡಿಗೆಯವರು ತರುವ ಸ್ಟ್ಯಾಂಡುಗಳು ನಿಂತು ಭಾಷಣ ಮಾಡುವವರಿಗಾಗಿ ಇರುವಂಥವು. ಹಲಗೆಯ ವೇದಿಕೆ ಟೊಳ್ಳು. ತಾಳ ಹಾಕಿದ್ದು, ಯಾರೋ ನಡೆದದ್ದು ಎಲ್ಲವೂ ಸ್ಟ್ಯಾಂಡಿನ ಕಾಲಿನ ಮೂಲಕ ಮೈಕಿಗೆ ಏರಿ ದಢದಢ ಎನ್ನುತ್ತದೆ. ಮಡಿಸಿದ ಕಂಬಳಿಯ ತುಂಡೋ ದಪ್ಪ ರಬ್ಬರಿನ ಚಾಪೆಯೋ ಅದರಡಿ ಹಾಕಿದರೆ ಸಾಕು.

ಶ್ರುತಿಯ ವಿಷಯಕ್ಕೆ ಬರೋಣ. ತಂಬೂರಿಯ ನಾದಕ್ಕೆ ಸಮನಾದದ್ದು ತಂಬೂರಿಯೊಂದೇ ಎಂಬುದು ನನ್ನ ಅಭಿಪ್ರಾಯ. ಮೀಟುವ ಶಿಷ್ಯರೊಬ್ಬರು ಸಿಕ್ಕಿದರೆ ಅದನ್ನೇ ಒಯ್ಯಿರಿ. ಜೊತೆಗೆ ಒಂದು ಸೆಟ್ಟು ತಂತಿ, ಜೀವಾಳಕ್ಕೆ ಹತ್ತಿಯ ದಾರ, ಜಾರುವ ಬಿರಡೆಗೆ ಸೀಮೆಸುಣ್ಣದ ಚೂರು. ದೀಪಗಳ ಶಾಖಕ್ಕೆ ತಂತಿ ಸಡಿಲಗೊಂಡು ಶ್ರುತಿ ಇಳಿಯುತ್ತದೆ. ಆದ್ದರಿಂದ ಬಿಡದಿಯಲ್ಲಿ ಶ್ರುತಿ ಮಾಡಿಕೊಂಡು ಬಂದರೆ ಪ್ರಯೋಜನವಿಲ್ಲ, ದೀಪ ಹೊತ್ತಿಸಿದ ವೇದಿಕೆಯ ಮೇಲೆ ಅರ್ಧ ಗಂಟೆ ಇಟ್ಟು ಆಮೇಲೆ ಮಾಡಬೇಕು. ಶಿಷ್ಯರಿಲ್ಲದೆ ಬಸ್ಸಿನಲ್ಲಿ ಹೋಗುವವರಿಗೆ ಎಲೆಕ್ಟ್ರಾನಿಕ್ ತಂಬೂರಿ ವರವೇ ಸರಿ. 1979ರಲ್ಲಿ ಅದನ್ನು ರೂಪಿಸಿದವರು ನಮ್ಮ ಬೆಂಗಳೂರಿನ ಜಿ. ರಾಜ್‌ನಾರಾಯಣ್ ಅವರು ಎಂಬುದು ಹೆಮ್ಮೆಯ ಸಂಗತಿ. ಅವರು ಸ್ವತಃ ಕೊಳಲು ನುಡಿಸುವವರು. ಇದಕ್ಕೆ ಬ್ಯಾಟರಿ ಇರಲಿ. ಇಂದು ಮೊಬೈಲಿನಲ್ಲೇ ತಂಬೂರಿ ಬರುತ್ತದೆ. ಅದನ್ನು ನೆಚ್ಚುವವರು ಕರೆ, ಸಂದೇಶಗಳು ಬಾರದಂತೆ ವಿಮಾನದ ಗುರುತನ್ನು ಒತ್ತಿ ಕೂರಬೇಕು. ಶಂಕರಾಭರಣದ ನಡುವೆ ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳಿದರೆ ಸಭಿಕರು ನಗದೆ ಇರುತ್ತಾರೆಯೇ?

ಪಕ್ಕವಾದ್ಯದವರ ಚೀಲ ಗಾಯಕರ ಚೀಲಕ್ಕಿಂತ ರಸವತ್ತಾದದ್ದು. ಮೃದಂಗದವರಿಗೆ ಬಲಮುಚ್ಚಿಗೆಯನ್ನು ಶ್ರುತಿಗೆ ತರಲು ಒಂದು ದುಂಡುಕಲ್ಲು, ಒಂದು ಗಟ್ಟಿಮರದ ತುಂಡು; ಎಡಮುಚ್ಚಿಗೆಗೆ ಹಚ್ಚಲು ಡಬ್ಬಿಯಲ್ಲಿ ರವೆ, ಕಲಸಲು ಸೀಸೆಯಲ್ಲಿ ನೀರು, ಕೈ ಒರೆಸಲು ಬಟ್ಟೆ. ರವೆ ಒಣಗುತ್ತ ಬಂದಂತೆ ಎಡದ ಗುಂಕಾರ ಬದಲಾಗುವುದರಿಂದ ನಡುವೆ ಒಮ್ಮೆ ನೀರು ಮುಟ್ಟಿಸಬೇಕಾಗುತ್ತದೆ. ಚರ್ಮ ಹವೆಗೆ ಅಡಿಯಾಳು: ಮಲೆನಾಡಿನ ಮಳೆಯ ಸಂಜೆಯಲ್ಲಿ ಅದು ಜೋತುಬಿದ್ದು ಶ್ರುತಿ ಇಳಿಸುತ್ತದೆ, ಬಯಲುಸೀಮೆಯ ಬೇಸಿಗೆಯಲ್ಲಿ ಬಿಗಿದು ಏರಿಸುತ್ತದೆ. ಘಟದವರ ಕಷ್ಟ ಬೇರೆ. ಸುಟ್ಟ ಮಣ್ಣಿಗೆ ಬಾರು ಬಿರಡೆಗಳಿಲ್ಲ. ಗಾಯಕರ ಶ್ರುತಿ ಯಾವ ಮನೆಯೋ ಆ ಮನೆಯ ಘಟವನ್ನೇ ಆರಿಸಿ ತರಬೇಕು. ಅದರಡಿಗೆ ಬಟ್ಟೆಯ ಸಿಂಬೆ ಬೇಕು. ಇದಕ್ಕಾಗಿಯೇ ಗಾಯಕರು ತಮ್ಮ ಶ್ರುತಿ ಒಂದು ಮನೆಯೋ ಐದೂವರೆ ಮನೆಯೋ ಎಂಬುದನ್ನು ಎರಡು ದಿನ ಮುಂಚೆ ತಿಳಿಸುವುದು ಸೌಜನ್ಯ. ಖಂಜಿರದವರು ಮುಚ್ಚಿಗೆಯ ಒಳಬದಿಗೆ ನೀರು ಚಿಮುಕಿಸಿ ದನಿ ಇಳಿಸಿಕೊಳ್ಳುತ್ತಾರೆ, ಆದ್ದರಿಂದ ಅವರಿಗೂ ಒಂದು ಪುಟ್ಟ ಸೀಸೆ. ಹಿಂದೆ ಖಂಜಿರಕ್ಕೆ ಉಡದ ಚರ್ಮ ಬಿಗಿಯುತ್ತಿದ್ದರು; ವನ್ಯಜೀವಿಗಳ ರಕ್ಷಣೆಗೆ 1972ರಲ್ಲಿ ಕಾನೂನು ಬಂದ ಮೇಲೆ ಅದು ಅಪರಾಧ, ಮೇಕೆಯ ಚರ್ಮವನ್ನು ಬಳಸಬಹುದು. ಮೋರ್ಚಿಂಗಿನ ನಾಲಗೆಯ ತುದಿಗೆ ಸಾಸಿವೆಯಷ್ಟು ಜೇನುಮೇಣ ಮೆತ್ತಿದರೆ ಶ್ರುತಿ ಕೂದಲೆಳೆಯಷ್ಟು ಇಳಿಯುತ್ತದೆ.

ಪಿಟೀಲಿನವರಿಗೆ ಹೆಚ್ಚುವರಿ ತಂತಿಗಳು, ಕಮಾನಿಗೆ ಉಜ್ಜುವ ರಾಳ, ಬೆರಳಿಗೆ ಚೂರು ಎಣ್ಣೆ. ಹೊಸ ತಂತಿ ಹಿಗ್ಗುತ್ತಲೇ ಇರುತ್ತದೆ. ಆದ್ದರಿಂದ ಒಮ್ಮೆ ಬಿಗಿದು ಹಿಗ್ಗಿಸಿ ತೆಗೆದಿಟ್ಟುಕೊಂಡ ತಂತಿ ಚೀಲದಲ್ಲಿರುವುದು ಜಾಣತನ. ವೀಣೆಯವರಿಗೆ ಒಂದು ಎಚ್ಚರಿಕೆ. ವೀಣೆಯ 24 ಮೆಟ್ಟಿಲುಗಳು ನಿಂತಿರುವುದು ಮೇಣದ ಮೇಲೆ. ಮಧ್ಯಾಹ್ನದ ಬಿಸಿಲಿನಲ್ಲಿ ಮುಚ್ಚಿದ ಕಾರಿನೊಳಗೆ ವೀಣೆ ಬಿಟ್ಟು ಊಟಕ್ಕೆ ಹೋದರೆ, ಬರುವ ಹೊತ್ತಿಗೆ ಮೇಣ ಮೆತ್ತಗಾಗಿ ಮೆಟ್ಟಿಲು ಸರಿದಿರುತ್ತದೆ. ಅದನ್ನು ಸಂಜೆಯೊಳಗೆ ಸರಿಪಡಿಸುವುದು ಯಾರ ಕೈಯಲ್ಲೂ ಆಗದ ಕೆಲಸ.

ಇನ್ನು ವಿದ್ಯುತ್ತು. ಇದೊಂದರಲ್ಲಿ ಅಲಕ್ಷ್ಯ ಕೂಡದು. ಇಲ್ಲಿ ತಪ್ಪಿದರೆ ಹೋಗುವುದು ಪ್ರಾಣ. ಚಪ್ಪರದಲ್ಲಿ ಪ್ಲಗ್ಗು ಎಲ್ಲೋ ಕಂಬದ ಬುಡದಲ್ಲಿರುತ್ತದೆ, ಅದೂ ದೊಡ್ಡ ಪಿನ್ನಿನದು. ಆದಕಾರಣ ಐದಾರು ಮೀಟರ್ ಉದ್ದದ ಮೂರು ಪಿನ್ನಿನ ಎಕ್ಸ್‌ಟೆನ್ಷನ್ ಬೋರ್ಡು, ದೊಡ್ಡ ಪ್ಲಗ್ಗಿಗೆ ಹೊಂದಿಸುವ ಒಂದು ತುಂಡು, ಒಂದು ಟೆಸ್ಟರ್, ಅಂಟುಪಟ್ಟಿ ಇವು ಚೀಲದ ತಳದಲ್ಲಿ ಸದಾ ಇರಲಿ. ಗುಂಯ್‌ ಎನ್ನುವ ಸದ್ದು ಬಂದಾಗ ಪ್ಲಗ್ಗಿನ ಮೂರನೆಯ ಪಿನ್ನನ್ನು ಕಳಚುವ ಕೈಚಳಕ ಕೆಲವರಲ್ಲುಂಟು. ಸದ್ದು ನಿಂತೀತು. ಆದರೆ ಆ ಪಿನ್ನು ಭೂಮಿಗೆ ಜೋಡಿಸಿದ್ದು. ಎಲ್ಲಿಯಾದರೂ ಒಳಗಿನ ವೈರು ಪೆಟ್ಟಿಗೆಯ ಮೈಗೆ ತಗುಲಿದರೆ, ಆ ವಿದ್ಯುತ್ತು ಮೈಕಿನ ಲೋಹದ ಜಾಲರಿಯ ತನಕ ಬಂದು ಕಾಯುತ್ತಿರುತ್ತದೆ. ಒಂದು ಕೈ ವೀಣೆಯ ತಂತಿಯ ಮೇಲೆ, ತುಟಿ ಮೈಕಿನ ಹತ್ತಿರ, ಕೆಳಗೆ ಮಳೆಗೆ ನೆನೆದ ಜಮಖಾನ: ಇದಕ್ಕಿಂತ ಅಪಾಯದ ಭಂಗಿ ಇಲ್ಲ. ಕುಳಿತುಕೊಳ್ಳುವ ಮೊದಲು ಮೈಕಿನ ಜಾಲರಿಗೆ ಟೆಸ್ಟರ್ ಮುಟ್ಟಿಸಿ ನೋಡಿ. ದೀಪ ಹೊತ್ತಿದರೆ ಆ ವೇದಿಕೆಯ ಮೇಲೆ ಕೂರಬೇಡಿ. ಹೊತ್ತದಿದ್ದ ಮಾತ್ರಕ್ಕೆ ಎಲ್ಲವೂ ಸರಿ ಎಂದು ಅರ್ಥವಲ್ಲ. 30 ಮಿಲಿಆಂಪಿಯರ್ ಸೋರಿದರೂ ತಟ್ಟನೆ ಕಡಿದುಹೋಗುವ ಸುರಕ್ಷಾ ಸ್ವಿಚ್ಚು ಇದೆಯೇ ಎಂದು ಸಂಘಟಕರನ್ನು ಕೇಳುವುದರಲ್ಲಿ ಸಂಕೋಚ ಬೇಡ. ಮಳೆ ಬಂದು ವೇದಿಕೆ ನೆನೆದರೆ ನಿಲ್ಲಿಸಿ. ಮೈಕಿಲ್ಲದೆ ಹಾಡಿದರೂ ಮುಂದಿನ ನಾಲ್ಕು ಸಾಲಿಗೆ ಕೇಳೀತು.

ಗುಂಯ್ ಸದ್ದಿಗೆ ನಿಜವಾದ ಮದ್ದು ಬೇರೆ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತು ಹಿಂದೆ ಮುಂದೆ ಹರಿಯುವುದರಿಂದ ಆ ಸದ್ದು 50, 100 ಕಂಪನಗಳ ಆಸುಪಾಸಿನಲ್ಲಿ ಬರುತ್ತದೆ. ಒಂದೂವರೆ ಮನೆ ಶ್ರುತಿಯ ಪುರುಷ ಗಾಯಕರ ತಂಬೂರಿಯಲ್ಲಿ ಮಂದ್ರ ಪಂಚಮ ಸುಮಾರು 104 ಕಂಪನ. ಅದರ ಪಕ್ಕದಲ್ಲೇ, ತುಸು ಕೆಳಗೆ, ಈ 100ರ ಗುಂಗು ಮೂರು ಗಂಟೆ ಕಾಲ ಕುಳಿತಿದ್ದರೆ ಶ್ರುತಿ ಸೇರುವುದಾದರೂ ಹೇಗೆ? ಕಿವಿಯಿದ್ದವರಿಗೆ ಅದು ಹಲ್ಲಿನ ಸಂದಿಯ ಕಲ್ಲು. ಮೈಕಿನ ಮೂರು ಪಿನ್ನಿನ ವೈರಿನಲ್ಲಿ ಒಂದೇ ನಾದವನ್ನು ಎರಡು ತಂತಿಗಳು ಪರಸ್ಪರ ವಿರುದ್ಧವಾಗಿ ಹೊರುತ್ತವೆ. ದಾರಿಯಲ್ಲಿ ಸೇರಿದ ಗುಂಗು ಎರಡರಲ್ಲೂ ಒಂದೇ ರೀತಿ ಇರುವುದರಿಂದ ಕೊನೆಯಲ್ಲಿ ಕಳೆದುಹೋಗುತ್ತದೆ. ಎಲೆಕ್ಟ್ರಾನಿಕ್ ತಂಬೂರಿ, ವೀಣೆಗೆ ಅಂಟಿಸುವ ಮೈಕು ಇವುಗಳ ಸಾದಾ ವೈರಿಗೆ ಈ ಗುಣವಿಲ್ಲ. ಅದನ್ನು ಉದ್ದ ಎಳೆದರೆ ಗುಂಗು ಖಂಡಿತ. ನಡುವೆ ಡಿಐ ಬಾಕ್ಸ್ ಎಂಬ ಪುಟ್ಟ ಡಬ್ಬಿಯನ್ನಿಟ್ಟರೆ ಸಾದಾ ವೈರಿನ ನಾದ ಮೂರು ಪಿನ್ನಿನ ದಾರಿಗೆ ಬದಲಾಗುತ್ತದೆ. ಅಂಗೈಯಗಲದ ಈ ಡಬ್ಬಿಯನ್ನು ವೈಣಿಕರು ಮರೆಯದೆ ಒಯ್ಯಬೇಕು. ದೀಪದ ವೈರುಗಳ ಜೊತೆ ಮೈಕಿನ ವೈರುಗಳನ್ನು ಒಟ್ಟಿಗೆ ಸುತ್ತಿ ಕಟ್ಟುವುದೂ ಬೇಡ.

ಚೀಲದಲ್ಲಿ ಒಂದು ಹಾಳೆ ಕಾಗದವೂ ಇರಲಿ. ಅದರಲ್ಲಿ ನಾಲ್ಕು ಚೌಕ ಬರೆಯಿರಿ: ನಡುವೆ ಗಾಯನ, ಎಡಕ್ಕೆ ಪಿಟೀಲು, ಬಲಕ್ಕೆ ಮೃದಂಗ, ಹಿಂದೆ ತಂಬೂರಿ. ಎಷ್ಟು ಮೈಕು, ಎಷ್ಟು ಗಿಡ್ಡ ಸ್ಟ್ಯಾಂಡು, ಮಾನಿಟರಿನಲ್ಲಿ ಏನೇನು ಎಂಬುದನ್ನು ಕೆಳಗೆ ಬರೆಯಿರಿ. ಮೃದಂಗದವರು ಎಡಗೈಯವರಾದರೆ ಅವರ ಸ್ಥಾನ ಬದಲಾಗುತ್ತದೆ, ಏಕೆಂದರೆ ಬಲಮುಚ್ಚಿಗೆಯ ನಾದ ಸಭೆಯ ಕಡೆಗಿರಬೇಕು, ಅದನ್ನೂ ಗುರುತಿಸಿ. ಮಧ್ಯಾಹ್ನವೇ ಆ ಹಾಳೆಯನ್ನು ಮೈಕಿನವರ ಕೈಗೆ ಕೊಟ್ಟು, ‘ಅಣ್ಣಾ, ಐದು ಗಂಟೆಗೆ ಬರುತ್ತೇವೆ, ಹತ್ತು ನಿಮಿಷ ಹಾಡಿ ನೋಡೋಣ’ ಎನ್ನಿ. ಅವರ ಹೆಸರು ಕೇಳಿಟ್ಟುಕೊಳ್ಳಿ. ಕಚೇರಿಯ ನಡುವೆ ಮೈಕಿನಲ್ಲೇ ಅವರನ್ನು ಗದರಿಸುವ ಹಿರಿಯರನ್ನು ನಾವು ಕಂಡಿದ್ದೇವೆ. ಹಾಗೆ ಗದರಿಸಿಕೊಂಡವರು ಉಳಿದ ಹೊತ್ತು ಯಾವ ಗುಂಡಿಯನ್ನೂ ಮುಟ್ಟದೆ ಕುಳಿತರೆ ಆಶ್ಚರ್ಯವೇನು?

ಮಂಗಳವಾಗಿ ಹಾರ ಹಾಕಿಸಿಕೊಂಡ ಮೇಲೂ ಸ್ವಲ್ಪ ಕೆಲಸ ಉಳಿದಿರುತ್ತದೆ. ಕಮಾನಿನ ಕೂದಲು ಸಡಿಲಿಸಬೇಕು, ಇಲ್ಲದಿದ್ದರೆ ಕಡ್ಡಿ ಬಾಗುತ್ತದೆ. ಎಡಮುಚ್ಚಿಗೆಯ ರವೆಯನ್ನು ಅಲ್ಲೇ ಕೆರೆದು ಒರೆಸಬೇಕು. ನಾಳೆಗೆಂದು ಬಿಟ್ಟರೆ ಚರ್ಮ ಕೊಳೆಯುತ್ತದೆ, ಇಲಿಗೂ ಹಬ್ಬ. ವೈರುಗಳನ್ನು ಮೊಣಕೈಗೆ ಬಿಗಿದು ಸುತ್ತದೆ ಅವು ಬಾಗುವ ಹಾಗೆಯೇ ಅಗಲವಾಗಿ ಸುರುಳಿ ಮಾಡಿ, ದಾರ ಕಟ್ಟಿ ಇಡಿ. ಬೋರ್ಡನ್ನು ಕಂಬದ ಬುಡದಲ್ಲಿ ಮರೆತು ಬರುವವರೇ ಹೆಚ್ಚು.